ಸಪ್ಪಳವಿಲ್ಲದ ಓಣಿ

ಅವ್ವನ ಕಣ್ಣು ಮಂಜಾಗಿ ಕೆಲವು ವರ್ಷಗಳಾದವು. ಬೆಳಕಿದ್ದರೆ ನೆರಳು ಕಾಣುತ್ತದೆ, ಅಷ್ಟೇ. ಆದರೂ ಸವಣೂರಿನ ನಮ್ಮ ಓಣಿಯಲ್ಲಿ ಆಕೆ ಯಾರ ಕೈಯನ್ನೂ ಹಿಡಿಯದೆ ಓಡಾಡುತ್ತಿದ್ದಳು. ಬೆಳಿಗ್ಗೆ ಎದುರು ಸಾಲಿನ ಮನೆಯಿಂದ ಹಾಲು ತರುವುದು ಆಕೆಯದೇ ಕೆಲಸ. ಹೊಸ್ತಿಲಲ್ಲಿ ನಿಂತು ಕಿವಿಗೊಡುತ್ತಿದ್ದಳು. ಎಲೆಬಳ್ಳಿ ತೋಟದವರ ಮೋಟಾರ್ ಸೈಕಲ್ಲು ಕೆಮ್ಮುತ್ತ ಹೋಗುವುದು, ಖಾರದ ಅಂಗಡಿಯವರ ಗಾಡಿ ಗಡಗಡಿಸುವುದು, ಎಲ್ಲವೂ ಆಕೆಗೆ ಗುರುತು. ಸಪ್ಪಳ ನಿಂತರೆ ರಸ್ತೆ ಖಾಲಿ. ಆಗ ದಾಟುತ್ತಿದ್ದಳು.

ಓಣಿಗೆ ಮೊದಲು ಬಂದ ಬ್ಯಾಟರಿ ಗಾಡಿ ನನ್ನದೇ. ನಾನು ಕಲಿಸುವ ಯಲವಿಗಿಯ ಶಾಲೆಗೆ ಹೋಗಿಬರುವಾಗ ನನ್ನ ಹಳೆಯ ಸ್ಕೂಟರ್ ದಾರಿಯಲ್ಲಿ ಕೈಕೊಡತೊಡಗಿತ್ತು. ಅದರ ಸದ್ದು ತಿರುವಿನಲ್ಲಿ ಕೇಳಿದೊಡನೆ ಅವ್ವ ಒಲೆಯ ಮೇಲೆ ಚಹಾ ಇಡುತ್ತಿದ್ದಳು. ಹೊಸ ಗಾಡಿಯಲ್ಲಿ ಬಂದ ಮೊದಲ ದಿನ ನಾನು ಅಂಗಳದಲ್ಲಿ ಆಕೆಯ ಬೆನ್ನ ಹಿಂದೆ ನಿಂತು ಮಾತಾಡಿಸಿದಾಗ, ಬೆಚ್ಚಿಬಿದ್ದು ಗೋಡೆ ಹಿಡಿದುಕೊಂಡಳು.

"ಬರೂಮುಂದ ಒದರವಾ," ಎಂದಳು. "ಕಳ್ಳರು ಬಂದಂಗ ಬರಬ್ಯಾಡ."

ಆಮೇಲೆ ತೋಟದವರು ಅಂಥದ್ದೇ ಒಂದು ತಂದರು. ಖಾರದ ಅಂಗಡಿಯವರೂ ತಂದರು. ನೋಡನೋಡುತ್ತ ಓಣಿಯ ಅರ್ಧ ಮನೆಗಳ ಕಿಟಕಿಯಿಂದ ಚಾರ್ಜರಿನ ವೈರು ಅಂಗಳಕ್ಕೆ ಇಳಿಯತೊಡಗಿತು. ಹೊಗೆಯಿಲ್ಲ, ಗದ್ದಲವಿಲ್ಲ ಎಂದು ಎಲ್ಲರಿಗೂ ಖುಷಿ. ಅವ್ವ ಮಾತ್ರ ಹಾಲಿಗೆ ಹೋದರೆ ಬೇಗ ಬರುತ್ತಿರಲಿಲ್ಲ. ಹಿಂದೆ ಯಾರೋ ಹಾದುಹೋದಂತಾಗುತ್ತದೆ, ಸೆರಗಿಗೆ ಗಾಳಿ ತಾಗುತ್ತದೆ, ತಿರುಗಿದರೆ ಯಾರೂ ಇರುವುದಿಲ್ಲ ಎನ್ನುತ್ತಿದ್ದಳು. ವಯಸ್ಸಿನ ಅಂಜಿಕೆ ಎಂದುಕೊಂಡೆ.

ಅದೊಂದು ರಜೆಯ ದಿನ. ನಾನು ಬಾಗಿಲಲ್ಲಿ ಕೂತು ಕೂದಲು ಒಣಗಿಸಿಕೊಳ್ಳುತ್ತಿದ್ದೆ. ಅವ್ವ ಬಹಳ ಹೊತ್ತು ಕಿವಿಗೊಟ್ಟು ರಸ್ತೆಗಿಳಿದಳು. ನನಗೂ ಏನೂ ಕೇಳಲಿಲ್ಲ. ತಿರುವಿನಿಂದ ಖಾರದ ಅಂಗಡಿಯವರು ತಮ್ಮ ಹೊಸ ಗಾಡಿಯಲ್ಲಿ ಬಂದರು, ಆಕೆಯನ್ನು ಕಂಡು ನಿಧಾನ ಮಾಡಿದರು. ನಡುರಸ್ತೆಯಲ್ಲಿ ಅವ್ವನಿಗೆ ಏನನ್ನಿಸಿತೋ, ತಟ್ಟನೆ ಹಿಂದಕ್ಕೆ ತಿರುಗಿದಳು. ಹ್ಯಾಂಡಲ್ ಮೊಣಕೈಗೆ ತಾಗಿತು. ನಾನು ಕೂಗುವಷ್ಟರಲ್ಲಿ ಕೆಳಗೆ ಬಿದ್ದಿದ್ದಳು.

ಮಣಿಕಟ್ಟು ಮುರಿದಿತ್ತು. ದವಾಖಾನೆಯಲ್ಲಿ ಪಟ್ಟಿ ಹಾಕಿಸುವವರೆಗೂ ಆ ಮನುಷ್ಯ ನಮ್ಮ ಜೊತೆಗೇ ಕೂತಿದ್ದರು.

"ನಾ ಅವ್ವಾರನ್ನ ದೂರದಿಂದನ ನೋಡಿದ್ನಿರಿ, ಅಕ್ಕಾರ," ಎಂದರು. "ನಾ ಬಂದದ್ದು ಅವರಿಗೆ ಗೊತ್ತೈತಿ ಅನ್ಕೊಂಡೆ."

ಇಷ್ಟು ವರ್ಷ ಆಕೆಗೆ ಗೊತ್ತಾಗುತ್ತಲೇ ಇತ್ತು.

ಅಂದಿನಿಂದ ಅವರು ತಿರುವಿನಲ್ಲೇ "ನಾ ಬಂದೇನ್ರಿ ಯವ್ವಾ" ಎಂದು ಕೂಗಿ ಓಣಿಯೊಳಗೆ ಬರುತ್ತಾರೆ. ಆ ಕೂಗು ಕೇಳಿದಾಗಲೆಲ್ಲ ಅವ್ವ ಕೈ ನೀವಿಕೊಳ್ಳುತ್ತಾಳೆ.

"ಅಂವಾ ಒದರತಾನ," ಎಂದಳು ಒಮ್ಮೆ. "ಉಳಿದವರು?"

ಪಟ್ಟಿ ಬಿಚ್ಚಿದ ಮೇಲೆ ಒಂದು ಮುಂಜಾನೆ ಆಕೆ ಪಾತ್ರೆ ಹಿಡಿದು ಮತ್ತೆ ಹೊಸ್ತಿಲಿಗೆ ಬಂದಳು. ನಾನು ಎರಡೂ ಕಡೆ ನೋಡಿದೆ. "ಓಣಿ ಖಾಲಿ ಐತಿ, ಬಾ," ಎಂದು ಕೈ ಚಾಚಿದೆ.

ಅವ್ವ ಕಿವಿಗೊಟ್ಟು ನಿಂತಳು. ಮೆಲ್ಲನೆ ಒಂದು ಹೆಜ್ಜೆ ಹಿಂದೆ ಸರಿದಳು.

"ಇಷ್ಟ್ ಸುಮ್ಮ ಐತಲ್ಲ," ಎಂದಳು.

ಪಾತ್ರೆ ತೆಗೆದುಕೊಂಡು ನಾನೇ ಇಳಿದೆ. ನಡುರಸ್ತೆಗೆ ಬಂದು ನಿಂತೆ. ಯಾರೂ ಇಲ್ಲವೆಂದು ಕಣ್ಣಾರೆ ಕಂಡಿದ್ದೆ. ಆದರೂ ಹಿಂದೆ ತಿರುಗಿ ನೋಡಿದೆ.