ಹಿಂದಿನ ಸೀಟು

ಮೂವತ್ತು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಟ್ಟವನು ನಾನು. ಸ್ಪ್ರಿಂಗಿನ ಪಾಠವೆಂದರೆ ನನಗೆ ಬಲು ಹುಮ್ಮಸ್ಸು. ಕೊಕ್ಕೆಗೆ ಸ್ಪ್ರಿಂಗು ನೇತುಹಾಕಿ, ಒಂದೊಂದೇ ತೂಕ ಸೇರಿಸುತ್ತ, ಎಷ್ಟು ಭಾರಕ್ಕೆ ಎಷ್ಟು ಇಳಿಯುತ್ತದೆಂದು ಮಕ್ಕಳಿಂದಲೇ ಅಳೆಸುತ್ತಿದ್ದೆ. ಅಂಥ ಮೇಷ್ಟ್ರಿಗೆ ತನ್ನ ಕಾರಿನ ಸ್ಪ್ರಿಂಗಿನ ವಿಷಯದಲ್ಲಿ ಬುದ್ಧಿ ಬರಲು ಒಂದು ವರ್ಷದ ಮೇಲೆ ಬೇಕಾಯಿತು. ಅಷ್ಟರಲ್ಲಿ ನನ್ನ ಹೆಂಡತಿ ಹೋಗಿಬಿಟ್ಟಿದ್ದಳು.

ಕಾರು ಕೊಂಡದ್ದು ನಿವೃತ್ತಿಯಾದ ವರ್ಷ. ಹೈಬ್ರಿಡ್ ಕಾರು, ಅರ್ಧ ಪೆಟ್ರೋಲು, ಅರ್ಧ ಬ್ಯಾಟರಿ. ನಮ್ಮ ಶಿರಂಗಾಲದಲ್ಲಿ ಅದನ್ನು ನೋಡಲು ಬಂದವರಿಗೆಲ್ಲ ನಾನು ಬಾನೆಟ್ ಎತ್ತಿ ಪಾಠ ಮಾಡಿದ್ದೇ ಮಾಡಿದ್ದು. ಹೊರಡುವಾಗ ಸದ್ದೇ ಇರುತ್ತಿರಲಿಲ್ಲ. ಹುಲ್ಲಿನ ಹೊರೆ ಹೊತ್ತ ಹೆಂಗಸರು ದಾರಿ ಬಿಡದೆ ನಡೆಯುತ್ತಿದ್ದರು, ನಾನು ಹಾರ್ನ್ ಒತ್ತಿ ಬೈಯುತ್ತಿದ್ದೆ. "ಅವ್ರೇನ್ ಮಾಡಿದ್ರು? ದೆವ್ವ ತಳ್ಕೊಂಡ್ ಬಂದಂಗೆ ಬತ್ತದೆ ನಿಮ್ ಕಾರು," ಎಂದು ಪಕ್ಕದಲ್ಲಿ ಕೂತ ನನ್ನ ಹೆಂಡತಿ ನಗುತ್ತಿದ್ದಳು. ನನಗೆ ಸಿಟ್ಟು ಮೂಗಿನ ತುದಿಯಲ್ಲಿ, ಅವಳಿಗೆ ನಗು ತುಟಿಯ ತುದಿಯಲ್ಲಿ. ಮೂವತ್ತೈದು ವರ್ಷದ ಸಂಸಾರ ನಡೆದದ್ದು ಹಾಗೆ.

ಅವಳ ತವರು ಹುದಿಕೇರಿಯ ಹತ್ತಿರ. ನನ್ನ ಮಾವ ಅಲ್ಲಿಯ ಒಂದು ಎಸ್ಟೇಟಿನಲ್ಲಿ ರೈಟರ್ ಆಗಿದ್ದವರು, ಲೆಕ್ಕ ಹಾಜರಿ ಬರೆದು ಬರೆದು ಕೊನೆಗೆ ಅಲ್ಲೇ ಸ್ವಲ್ಪ ತೋಟ ಮಾಡಿಕೊಂಡು ತೀರಿಕೊಂಡರು. ಅತ್ತೆ ಇಬ್ಬರು ಗಂಡುಮಕ್ಕಳು, ಸೊಸೆಯರು, ಮೊಮ್ಮಕ್ಕಳ ನಡುವೆ ಗಟ್ಟಿಯಾಗಿದ್ದವರು, ಬಚ್ಚಲಿನಲ್ಲಿ ಜಾರಿ ಸೊಂಟದ ಮೂಳೆ ಮುರಿದುಕೊಂಡ ಮೇಲೆ ಮಂಚ ಬಿಟ್ಟು ಇಳಿಯಲಿಲ್ಲ. ಅಂದಿನಿಂದ ನನ್ನ ಹೆಂಡತಿ ಪ್ರತಿ ತಿಂಗಳ ಮೊದಲ ಭಾನುವಾರ ಅವ್ವನನ್ನು ನೋಡಲು ಹೋಗುತ್ತಿದ್ದಳು. ಕುಶಾಲನಗರ, ಗುಡ್ಡೆಹೊಸೂರು, ಸಿದ್ದಾಪುರ, ಗೋಣಿಕೊಪ್ಪ ದಾಟಿ ಹೋಗಬೇಕು. ಮೂರು ಗಂಟೆಯ ದಾರಿ.

ಆಮೇಲೆ ಇವಳೇ ಮಲಗಿದಳು. ಎದೆಯಲ್ಲಿ ಶುರುವಾಗಿ ವಾಸಿಯಾಯಿತು ಎಂದುಕೊಂಡಿದ್ದ ಕ್ಯಾನ್ಸರ್ ಬೆನ್ನುಮೂಳೆಗೆ ಇಳಿದಿತ್ತು. ಡಾಕ್ಟರು ಮುಚ್ಚುಮರೆ ಮಾಡಲಿಲ್ಲ. ಎಷ್ಟು ದಿನ ಓಡಾಡಲು ಆಗುತ್ತದೋ ಅಷ್ಟು ದಿನ ಓಡಾಡಲಿ, ನೋವು ಸಹಿಸಲು ಆಗುವಷ್ಟು, ಎಂದರು. ಮನೆಗೆ ಬರುವ ದಾರಿಯಲ್ಲಿ ಅವಳು ಕೇಳಿದ್ದು ಒಂದೇ.

"ತಿಂಗಳಿಗೊಂದ್ಸಲ ಅವ್ವನ್ನ ನೋಡ್ಬೇಕು ಕಣ್ರೀ. ಬೇರೇನೂ ಬ್ಯಾಡ ನಂಗೆ."

ಅದಕ್ಕೇನಂತೆ ಎಂದೆ. ಹಿಂದಿನ ಸೀಟಿನಲ್ಲಿ ಎರಡು ದಿಂಬು, ಒಂದು ಕಂಬಳಿ ಹಾಕಿ ಒರಗಿಕೊಳ್ಳುವ ಹಾಗೆ ಮಾಡಿದೆ. ಅಂದಿನಿಂದ ಅವಳ ಜಾಗ ಅದೇ ಆಯಿತು. ನಾನು ಮುಂದೆ, ಅವಳು ಹಿಂದೆ.

ಸಿದ್ದಾಪುರದ ದಾರಿಯಲ್ಲಿ ತೋಟಗಳ ನಡುವೆ ತಿರುವಿನ ಮೇಲೆ ತಿರುವು. ಕಾರು ಹಳೆಯದಾಗುತ್ತ ಬಂದಿತ್ತು. ತಿರುವಿನಲ್ಲಿ ಒಂದು ಕಡೆಗೆ ವಾಲಿ, ಎದ್ದು, ಇನ್ನೊಂದು ಕಡೆಗೆ ವಾಲುತ್ತಿತ್ತು. ಅವಳು ಮುಂದಿನ ಸೀಟಿನ ಬೆನ್ನನ್ನು ಹಿಡಿದುಕೊಳ್ಳುತ್ತಿದ್ದಳು. "ತಿರುವಲ್ಲಿ ಎತ್ತಿ ಹಾಕ್ದಂಗಾಯ್ತದೆ," ಎಂದಳು ಒಂದು ದಿನ. ಅಷ್ಟು ಸಾಕಾಯಿತು ನನಗೆ. ಸಸ್ಪೆನ್ಶನ್ ಪೂರ್ತಿ ಬದಲಾಯಿಸಿಯೇ ತೀರುತ್ತೇನೆ ಎಂದು ಹಟ ಹಿಡಿದೆ. ಎಲ್ಲವೂ ಅವಳಿಗಾಗಿಯೇ ಎಂದು ಈಗ ಹೇಳಿದರೆ ಸುಳ್ಳಾಗುತ್ತದೆ. ತಿರುವಿನಲ್ಲಿ ಜೀಪಿನವರು ನನ್ನನ್ನು ಹಿಂದೆ ಹಾಕಿ ಹೋಗುವುದು ನನಗೆ ಅವಮಾನವಾಗಿ ಕಾಣುತ್ತಿತ್ತು.

ಸುಂಟಿಕೊಪ್ಪದಲ್ಲಿ ಒಬ್ಬ ಮೆಕ್ಯಾನಿಕ್ ಇದ್ದಾನೆ. ಮನೆಮಾತು ಮಲಯಾಳ, ನನ್ನನ್ನು ಕರೆಯುವುದು 'ಮಾಷೇ' ಎಂದು. ಕಾರಿನ ಕೆಳಗೆ ತೂರಿ, ಟಾರ್ಚ್ ಬಿಟ್ಟು ನೋಡಿ, ಕೈ ಒರೆಸಿಕೊಳ್ಳುತ್ತ ಎದ್ದ. ಬ್ಯಾಟರಿಯ ಭಾರವೆಲ್ಲ ಹಿಂದೆ ಕೂತಿದೆ, ಹಿಂದಿನ ಸ್ಪ್ರಿಂಗು ಕುಗ್ಗಿದೆ, ಶಾಕ್ ಅಬ್ಸಾರ್ಬರ್ ಸೋರುತ್ತಿದೆ ಎಂದ. ಕಂಪೆನಿಯದೇ ಹಾಕಬಹುದು, ಇಲ್ಲದಿದ್ದರೆ ಅದಕ್ಕಿಂತ ಗಟ್ಟಿಯದೂ ಸಿಗುತ್ತದೆ, ಅದು ಹಾಕಿದರೆ ಕಾರು ತಿರುವಿನಲ್ಲಿ ವಾಲುವುದಿಲ್ಲ ಎಂದ.

"ಹ್ಯಾಂಡ್ಲಿಂಗ್ ಬೇಕಾ ಮಾಷೇ, ಕೂತವ್ರಿಗೆ ಸುಖ ಬೇಕಾ? ಎರಡೂ ಪೂರ್ತಿ ಒಟ್ಟಿಗೆ ಸಿಗುದಿಲ್ಲ."

"ಹ್ಯಾಂಡ್ಲಿಂಗ್," ಎಂದೆ. ಒಂದು ಕ್ಷಣವೂ ಯೋಚಿಸಲಿಲ್ಲ.

ಅವನದೊಂದು ಪದ್ಧತಿ ಉಂಟು. ಸಸ್ಪೆನ್ಶನ್ ಕೆಲಸಕ್ಕೆ ಬಂದ ಕಾರಿನ ಯಜಮಾನನನ್ನು ಹಿಂದಿನ ಸೀಟಿನಲ್ಲಿ ಕೂರಿಸಿ, ಪೇಟೆಯ ಹಿಂದಿನ ಎಸ್ಟೇಟ್ ರಸ್ತೆಯಲ್ಲಿ ಕೂಲಿಯವರ ಲೈನುಮನೆಗಳವರೆಗೆ ತಾನೇ ಓಡಿಸಿಕೊಂಡು ಹೋಗಿ ಬರುತ್ತಾನೆ. ಕೆಲಸಕ್ಕೆ ಮೊದಲು ಒಂದು ಸಲ, ಮುಗಿದ ಮೇಲೆ ಒಂದು ಸಲ. ಎಲ್ಲರೂ ನಕ್ಕು ಕೂರುತ್ತಾರೆ. ನಾನು ಕೂರಲಿಲ್ಲ.

"ಒಂದ್ಸಲ ಹಿಂದೆ ಕೂತ್ಕೊಳ್ಳಿ ಮಾಷೇ. ಅಕ್ಕ ಕೂರುದು ಅಲ್ಲೇ ಅಲ್ವಾ?"

"ನನ್ ಕಾರಲ್ಲಿ ನಾನು ಹಿಂದೆ ಕೂತು ಮೆರವಣಿಗೆ ಹೋಗ್ಬೇಕೇನಯ್ಯ? ಸ್ಪ್ರಿಂಗು ಅಂದ್ರೇನು ಅಂತ ನೀನು ನಂಗೆ ಕಲಿಸ್ತೀಯಾ?"

ಅವನು ಸಾಮಾನಿನ ಪಟ್ಟಿ ಬರೆದುಕೊಂಡ. ನಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎಂಬುದು ಸುಂಟಿಕೊಪ್ಪದವರೆಗೂ ಗೊತ್ತಿತ್ತೆಂದು ಕಾಣುತ್ತದೆ. ಸಾಮಾನು ಮೈಸೂರಿನಿಂದ ಬಂತು. ನಾಲ್ಕು ಗಟ್ಟಿ ಸ್ಪ್ರಿಂಗು, ನಾಲ್ಕು ಶಾಕ್ ಅಬ್ಸಾರ್ಬರ್, ಕಾರು ಓಲಾಡದಂತೆ ತಡೆಯುವ ದಪ್ಪನೆಯ ಒಂದು ಕಂಬಿ. ಎರಡು ದಿನದ ಕೆಲಸ. ಮುಗಿದ ಮೇಲೂ ಅವನು ಹಿಂದಿನ ಬಾಗಿಲು ತೆರೆದು ನನ್ನ ಮುಖ ನೋಡಿದ. ನಾನು ಬೀಗದ ಕೈ ಇಸಿದುಕೊಂಡು ಮುಂದೆ ಕೂತೆ.

ಕಾರು ಅದೇ ಹೌದೋ ಅಲ್ಲವೋ ಎನ್ನುವ ಹಾಗಿತ್ತು. ಸ್ಟೀರಿಂಗ್ ತಿರುಗಿಸಿದರೆ ಸಾಕು, ನೆಲ ಕಚ್ಚಿಕೊಂಡು ತಿರುಗುತ್ತಿತ್ತು. ಮೊದಲ ಭಾನುವಾರ ಹುದಿಕೇರಿಗೆ ಹೊರಟಾಗ ನನಗೆ ಹದಿನೆಂಟು ವರ್ಷದವನ ಖುಷಿ. ಸಿದ್ದಾಪುರ ದಾಟುವುದರೊಳಗೆ ಮೂರು ಸಲ ಕೇಳಿದೆ, ಹೆಂಗಿದೆ ಎಂದು.

"ವಾಲೋದೇ ಇಲ್ಲ ಕಣ್ರೀ," ಎಂದಳು. ಅದು ನಿಜವೇ ಆಗಿತ್ತು. ಸ್ವಲ್ಪ ದೂರ ಹೋದ ಮೇಲೆ, "ಹಾಡು ಒಸಿ ಜೋರಾಗಿ ಇಡಿ," ಎಂದಳು. ಪರವಾಗಿಲ್ಲ, ಇವಳಿಗೂ ಇವತ್ತು ಉಲ್ಲಾಸ ಬಂದಿದೆ ಎಂದುಕೊಂಡು ದನಿ ಏರಿಸಿದೆ.

ಆಮೇಲೆ ಅವಳು ತವರಿಗೆ ಹೋದದ್ದು ಎರಡೇ ಸಲ. ಕೊಯ್ಲಿನ ಹುತ್ತರಿ ಹಬ್ಬದ ಹೊತ್ತಿಗೆ, "ಮುಂದಿನ್ ತಿಂಗ್ಳು ಹೋಗಣ," ಎಂದಳು. ಹೊಸ ಅಕ್ಕಿಯ ತಂಬಿಟ್ಟು, ಹುತ್ತರಿ ಗೆಣಸು ಬಿಟ್ಟು ಇರುವವಳಲ್ಲ ಅವಳು, ಮದುವೆಯಾದ ಮೇಲೆ ತವರಿನ ಒಂದು ಹುತ್ತರಿಯನ್ನೂ ತಪ್ಪಿಸಿದವಳಲ್ಲ. ನನಗೆ ಅನುಮಾನ ಬರಬೇಕಿತ್ತು. ಬರಲಿಲ್ಲ. ಮುಂದಿನ ತಿಂಗಳು ಬಂತು, ಮತ್ತೆ ಅದೇ ಮಾತು. ನಮ್ಮ ಹೊಲದಲ್ಲಿ ಶುಂಠಿ ಕೀಳುವ ಕಾಲ, ಹೋಗದಿದ್ದರೆ ನನಗೂ ಅನುಕೂಲವೇ ಆಗಿತ್ತು ಎಂಬುದನ್ನು ಒಪ್ಪಿಕೊಳ್ಳಬೇಕು. ಆದರೂ ಒಂದು ದಿನ ರೇಗಿಬಿಟ್ಟೆ. ನಿನಗೋಸ್ಕರ ಇಡೀ ಕಾರು ಬಿಚ್ಚಿಸಿ ಕಟ್ಟಿಸಿದೆ, ಈಗ ನೀನೇ ಹೊರಡುವುದಿಲ್ಲ ಅಂದರೆ ಏನರ್ಥ ಎಂದೆ.

"ನಿಮ್ ಕಾರು ಚೆನ್ನಾಗದೆ. ನಂಗೇ ಆಗಾಕಿಲ್ಲ," ಎಂದಳು.

ಕಾಯಿಲೆ ಮುಂದುವರಿದಿದೆ, ಮನಸ್ಸು ಸೋತಿದೆ ಎಂದು ತಿಳಿದೆ. ದಿನಾ ಸಂಜೆ ಅವ್ವನಿಗೆ ಫೋನ್ ಮಾಡುತ್ತಿದ್ದಳು. ಏನು ಮಾತಾಡುತ್ತಾಳೆಂದು ನಾನು ಕಿವಿಗೊಡುತ್ತಿರಲಿಲ್ಲ. ಮಳೆಗಾಲ ಹಿಡಿದ ವಾರ ಹೋದಳು. ಅವ್ವನನ್ನು ಕಂಡು ಏಳು ತಿಂಗಳಾಗಿತ್ತು.

ತಿಥಿಯ ದಿನ ದೊಡ್ಡ ಭಾವಮೈದ ಊಟದ ಪಂಕ್ತಿಯಲ್ಲಿ ನನ್ನ ಪಕ್ಕ ಕೂರಲಿಲ್ಲ. ಕೈತೊಳೆಯುವಲ್ಲಿ ನಿಲ್ಲಿಸಿ ಕೇಳಿದೆ. ಕಾಯುತ್ತಿದ್ದವನ ಹಾಗೆ ಹೇಳಿಬಿಟ್ಟ.

"ಬದುಕಿದ್ದಾಗ ಒಂದ್ಸಲ ಕರ್ಕೊಂಡ್ ಬರ್ಲಿಕ್ಕೆ ನಿಮ್ಗೆ ಪುರುಸೊತ್ತಿರ್ಲಿಲ್ಲ ಭಾವ. ಪ್ರತಿ ತಿಂಗಳೂ ಶುಂಠಿ ಕೆಲಸ. ಅವ್ವ ಬಾಗಿಲು ನೋಡಿ ನೋಡಿ ಸೋತು ಹೋದ್ರು."

"ಯಾರು ಹೇಳಿದ್ದು ಶುಂಠಿ ಕೆಲಸ ಅಂತ? ನಾನು ಕರೆದೆ, ಅವಳೇ ಬೇಡ ಅಂದ್ಲು!"

"ಅಕ್ಕನೇ ಹೇಳಿದ್ದು, ಫೋನಿನಲ್ಲಿ."

ಬಂದ ನೆಂಟರೆಲ್ಲ ತಿರುಗಿ ನೋಡುವ ಹಾಗೆ ಕೂಗಾಡಿದೆ. ಅವರು ನಂಬಲಿಲ್ಲ. ಅಂದಿನಿಂದ ಎರಡು ಮನೆಗೂ ಮಾತು ನಿಂತಿತು. ಅವರ ಮೇಲಿನದಕ್ಕಿಂತ ಹೆಚ್ಚಿನ ಸಿಟ್ಟು ನನಗೆ ಅವಳ ಮೇಲೆ ಬಂತು. ಸತ್ತವಳ ಮೇಲೆ ಸಿಟ್ಟು ಇಟ್ಟುಕೊಂಡು ಒಂಟಿಯಾಗಿ ಅನ್ನ ಬೇಯಿಸಿಕೊಳ್ಳುವುದು ಎಂಥ ಕಷ್ಟ ಎಂದು ಆ ಮಳೆಗಾಲದಲ್ಲಿ ತಿಳಿಯಿತು. ನನ್ನ ಮೇಲೆ ಹಾಕಿ ಯಾಕೆ ಸುಳ್ಳು ಹೇಳಿದಳು ಎಂದು ಒಲೆಯ ಮುಂದೆ ನಿಂತು ಗೋಡೆಯನ್ನೇ ಕೇಳುತ್ತಿದ್ದೆ.

ಮಳೆ ಕಳೆದ ಮೇಲೆ ನನ್ನ ಕಣ್ಣಿನ ಪೊರೆ ತೆಗೆಸಿದೆ. ಸ್ವಲ್ಪ ದಿನ ಕಾರು ಓಡಿಸಬಾರದು ಎಂದಿದ್ದರು. ಆಗಲೇ ಅತ್ತೆ ಹೇಳಿ ಕಳಿಸಿದರು, ಮಗಳ ಒಂದು ಫೋಟೋ ಬೇಕು, ಮಂಚದ ಎದುರಿಗೆ ಹಾಕಿಕೊಳ್ಳಬೇಕು ಎಂದು. ಭಾವಮೈದರ ಮೇಲೆ ಏನೇ ಇರಲಿ, ಅತ್ತೆಯ ಮಾತು ಮೀರುವ ಹಾಗಿರಲಿಲ್ಲ. ದೊಡ್ಡದು ಮಾಡಿಸಿ, ಗಾಜು ಹಾಕಿಸಿ ಕಟ್ಟು ಹಾಕಿಸಿದೆ. ಓಡಿಸಲು ಊರಿನ ಜೀಪ್ ಡ್ರೈವರನ್ನು ಕರೆದೆ.

"ಮುಂದೆ ಬಿಸ್ಲು ಕಣ್ಣಿಗೆ ಹೊಡೀತದೆ ಮೇಷ್ಟ್ರೇ, ಹಿಂದೆ ಕೂತ್ಕಳಿ," ಎಂದ ಅವನು. ಕಪ್ಪು ಕನ್ನಡಕ ಹಾಕಿಕೊಂಡು, ಫೋಟೋವನ್ನು ಟವೆಲಿನಲ್ಲಿ ಸುತ್ತಿ ತೊಡೆಯ ಮೇಲಿಟ್ಟುಕೊಂಡು, ನನ್ನ ಕಾರಿನ ಹಿಂದಿನ ಸೀಟಿನಲ್ಲಿ ಮೊಟ್ಟಮೊದಲ ಸಲ ಕೂತೆ.

ಗುಡ್ಡೆಹೊಸೂರಿನಲ್ಲಿ ಬಲಗಡೆಯ ದಾರಿ ಬಿಟ್ಟು ಸಿದ್ದಾಪುರದ ಕಡೆ ತಿರುಗಿದೆವು. ಮೊದಲ ಹಂಪ್ ಬಂತು. ಸೀಟು ಕೆಳಗಿನಿಂದ ಒದ್ದಿತು. ಬೆನ್ನುಮೂಳೆಯ ಬುಡದಿಂದ ಕುತ್ತಿಗೆಯವರೆಗೆ ಒಂದು ಪೆಟ್ಟು. ಡ್ರೈವರನಿಗೆ ಬೈದೆ. "ನಿಧಾನಕ್ಕೇ ಹತ್ತಿಸ್ದೆ ಮೇಷ್ಟ್ರೇ, ನಿಮ್ ಗಾಡಿ ಹಿಂದ್ಗಡೆ ಬಲು ಬಿರುಸು," ಎಂದ. ಇನ್ನೊಂದು ಹಂಪ್. ಆಮೇಲೆ ಮಳೆಗೆ ಕಿತ್ತುಹೋದ ಟಾರು. ಗಾಜು ಒಡೆಯುತ್ತದೆಂದು ಫೋಟೋವನ್ನು ಎರಡೂ ಕೈಯಿಂದ ಎತ್ತಿ ಹಿಡಿದೆ. "ಮೆಲ್ಲಗಯ್ಯ, ಮೆಲ್ಲಗೆ, ಒಡೆದುಹೋಗ್ತದೆ," ಎಂದೆ. ಮೂಳೆ ಸವೆದವಳನ್ನು ಇದೇ ಸೀಟಿನಲ್ಲಿ ಹಾಕಿಕೊಂಡು, ಇದೇ ದಾರಿಯಲ್ಲಿ, ಹೆಂಗಿದೆ ಹೆಂಗಿದೆ ಎಂದು ಕೇಳುತ್ತ ಓಡಿಸಿದವನು ನಾನು. ಗಾಜಿಗೆ ಹೇಳಿದ ಮೆಲ್ಲಗೆಯನ್ನು ಅವಳಿಗೆ ಒಂದು ಸಲವೂ ಹೇಳಿರಲಿಲ್ಲ.

ತಲೆಯ ಮೇಲೆ ಕಿಟಕಿಯ ಪಕ್ಕದ ಹಿಡಿಗೆ ಅವಳ ಹಳೆಯ ಸೀರೆಯ ಅಂಚು ಕಟ್ಟಿತ್ತು. ಕನ್ನಡಿಯಲ್ಲಿ ಅದು ನನಗೆ ಎಷ್ಟೋ ಸಲ ಕಂಡಿತ್ತು, ಟವೆಲ್ ಒಣಗಿಸಲು ಕಟ್ಟಿಕೊಂಡಿದ್ದಾಳೆ ಎಂದುಕೊಂಡಿದ್ದೆ. ಕೈ ತೂರಿಸುವಷ್ಟು ಅಗಲದ ಕುಣಿಕೆ, ಜಾರದ ಹಾಗೆ ಎರಡು ಗಂಟು. ಫೋಟೋವನ್ನು ಪಕ್ಕಕ್ಕಿಟ್ಟು ಕೈ ತೂರಿಸಿದೆ. ಜೋತುಬಿದ್ದರೆ ಮೈ ಸೀಟಿನಿಂದ ಎರಡು ಬೆರಳು ಮೇಲೇಳುತ್ತದೆ, ಪೆಟ್ಟು ಅಷ್ಟಾಗಿ ತಾಗುವುದಿಲ್ಲ. ಮೂರು ಗಂಟೆಯ ದಾರಿ ಹೀಗೆ ಜೋತುಬಿದ್ದು ಹೋಗಿದ್ದಾಳೆ, ಹೀಗೆಯೇ ಬಂದಿದ್ದಾಳೆ. ತನ್ನ ನೋವಿನ ಮುಲುಕು ನನ್ನ ಸದ್ದಿಲ್ಲದ ಕಾರಿನಲ್ಲಿ ನನಗೆ ಕೇಳಿಸಬಾರದೆಂದು ಹಾಡು ಜೋರು ಮಾಡಿಸಿದ್ದಾಳೆ. ನನಗೆ ಅಳು ಬಂತು. ಡ್ರೈವರ್ ಕಣ್ಣಿಗೆ ಔಷಧಿ ಬಿಡಬೇಕಾ ಎಂದು ಕೇಳಿದ.

ನಿಜ ಹೇಳಿದ್ದರೆ ನಾನು ರೇಗುತ್ತಿದ್ದೆ, ಅದು ಅವಳಿಗೆ ಗೊತ್ತಿತ್ತು. ಅಷ್ಟು ಖುಷಿಯಲ್ಲಿದ್ದವನ ಮುಖ ಬಾಡುವುದೂ ಅವಳಿಗೆ ಬೇಡವಾಗಿತ್ತು. ನನ್ನ ಕಾರನ್ನು ದೂರಲಿಲ್ಲ. ಅವ್ವನಿಗೆ ನೋವಿನ ಮಾತು ಹೇಳುವಂತಿರಲಿಲ್ಲ, ಅದಕ್ಕೆ ಶುಂಠಿಯ ನೆಪ ಹುಡುಕಿದಳು.

ಹುದಿಕೇರಿಯ ಮನೆಯಲ್ಲಿ ಭಾವಮೈದ ಬಾಗಿಲಲ್ಲಿ ನಿಂತಿದ್ದ, ಬನ್ನಿ ಎಂದಷ್ಟೇ ಹೇಳಿದ. ಅತ್ತೆಯ ಮಂಚದ ಪಕ್ಕದಲ್ಲಿ ಕೂತು ಟವೆಲ್ ಬಿಚ್ಚಿದೆ. ಗಾಜು ಒಡೆದಿರಲಿಲ್ಲ. ಅವರು ಸೆರಗಿನಿಂದ ಒರೆಸಿ ಒರೆಸಿ ನೋಡಿದರು, ಕೆನ್ನೆಯ ಮೇಲೆ ಬೆರಳಾಡಿಸಿದರು. ಆಮೇಲೆ ನನ್ನ ಕಡೆ ತಿರುಗಿದರು. ದನಿಯಲ್ಲಿ ಕೋಪವಿರಲಿಲ್ಲ.

"ಏಳು ತಿಂಗ್ಳು ಕಾದೆ ಕಣಪ್ಪ. ಅಷ್ಟೊಂದು ಕೆಲಸ ಇತ್ತಾ ನಿಂಗೆ?"

ಭಾವಮೈದ ನನ್ನ ಬಾಯನ್ನೇ ನೋಡುತ್ತಿದ್ದ. ತಿಥಿಯ ದಿನ ಊರು ಕೇಳುವ ಹಾಗೆ ಕೂಗಿದ ಮಾತು ನಾಲಗೆಯ ತುದಿಗೆ ಬಂದು ನಿಂತಿತು. ಅದನ್ನು ನುಂಗಿದೆ.

"ಯಾವ ಕೆಲಸವೂ ಇರ್ಲಿಲ್ಲ ಅತ್ತೆ," ಎಂದೆ. "ಕಾರು ಸರಿ ಮಾಡಿಸಿದ್ದೆ."