ಕೊರಿಯನ್ ಮಾಫಿ

ಫುಟ್ಬಾಲ್ ನೋಡುವ ಗಂಡಸರ ಮೇಲೆ ನನಗೆ ಮೊದಲಿನಿಂದಲೂ ಗೌರವ ಕಡಿಮೆ. ದುಬೈಗೆ ಬಂದು ಅಲ್ ಮುರಕ್ಕಬಾತಿನ ಕ್ರೀಡಾ ಸಾಮಾನಿನ ಅಂಗಡಿಯಲ್ಲಿ ಜರ್ಸಿಗೆ ಹೆಸರು, ನಂಬರು ಒತ್ತಿಕೊಡುವ ಕೆಲಸಕ್ಕೆ ಸೇರಿದ ಮೇಲೆ ಇದ್ದ ಚೂರುಪಾರೂ ಹೋಯಿತು. ಗೆದ್ದ ಮರುದಿನ ಬಂದು ಹೆಸರು ಹಾಕಿಸಿಕೊಳ್ಳುತ್ತಾರೆ. ಸೋತ ಮರುದಿನ ಅದೇ ಜರ್ಸಿ ಹಿಡಿದು ಬಂದು, ಇದನ್ನು ಕಿತ್ತು ಬೇರೆಯವನ ಹೆಸರು ಹಾಕಿ ಎನ್ನುತ್ತಾರೆ. ಬಿಸಿ ಮಾಡಿ ಅಂಚು ಎಬ್ಬಿಸಿ ಎಳೆದರೆ ಅಕ್ಷರವೇನೋ ಬರುತ್ತದೆ, ಅಂಟಿನ ಕಲೆ ಬಟ್ಟೆಯಲ್ಲೇ ಉಳಿಯುತ್ತದೆ. ಕಲೆ ಯಾಕೆ ಉಳಿಯಿತು ಎಂದು ನನ್ನನ್ನೇ ದಬಾಯಿಸುತ್ತಾರೆ.

ದುಬೈಯ ಒಂದು ಕ್ಲಬ್ಬಿನ ಜರ್ಸಿ ಕೆಲಸವೆಲ್ಲ ನಮ್ಮ ಅಂಗಡಿಗೆ ಬರುತ್ತಿತ್ತು. ಆ ಕ್ಲಬ್ಬಿಗೆ ಕೊರಿಯಾದ ಒಬ್ಬ ಸ್ಟ್ರೈಕರ್ ಬಂದಿದ್ದ. ಅಂಗಡಿಗೆ ಬರುವ ನಮ್ಮ ಊರಿನವರು ಅವನನ್ನು ಚೀನಾದವ ಎಂದೇ ಕರೆಯುತ್ತಿದ್ದರು. ಮಂಗಳೂರಿನವರನ್ನು ಯಾರಾದರೂ ಮಲಬಾರಿ ಎಂದರೆ ಮೂರು ದಿನ ಮುಖ ಊದಿಸಿಕೊಂಡಿರುವ ಜನ ಇವರು. ಅವನು ಓಡಿ ಓಡಿ ಎದುರಾಳಿಗಳನ್ನು ಎಳೆದುಕೊಂಡು ಹೋಗುತ್ತಿದ್ದ, ಖಾಲಿಯಾದ ಜಾಗದಲ್ಲಿ ಇನ್ನೊಬ್ಬ ನಿಂತು ಗೋಲು ಹೊಡೆಯುತ್ತಿದ್ದ. ಹೊಡೆದವನ ಹೆಸರು ಒತ್ತಿ ಒತ್ತಿ ನನ್ನ ರಟ್ಟೆ ಸೋಲುತ್ತಿತ್ತು. ಕೊರಿಯಾದವನ ಹೆಸರಿನ ಅಕ್ಷರಗಳು ಡಬ್ಬಿಯಲ್ಲಿ ಹಾಗೇ ಇರುತ್ತಿದ್ದವು.

ಅವನು ಮೊದಲ ಸಲ ಅಂಗಡಿಗೆ ಬಂದದ್ದು ಕ್ಲಬ್ಬಿನವರು ತಪ್ಪಾಗಿ ಬರೆದು ಕಳಿಸಿದ್ದ ತನ್ನ ಹೆಸರನ್ನು ಸರಿ ಮಾಡಿಸಿಕೊಳ್ಳಲು. ತಪ್ಪು ಅವರದ್ದು, ತಲೆ ಬಗ್ಗಿಸಿ ಕ್ಷಮೆ ಕೇಳಿದವನು ಇವನು. ಇಷ್ಟು ಮೆತ್ತಗಿದ್ದರೆ ಈ ಊರಿನಲ್ಲಿ ಜನ ತಲೆಯ ಮೇಲೆ ಕೂರುತ್ತಾರೆ ಎಂದು ನನಗೆ ಸಿಟ್ಟೇ ಬಂತು. ಆಮೇಲೆ ಆಗಾಗ ಬರುತ್ತಿದ್ದ. ಇಬ್ಬರದೂ ಹರಕು ಇಂಗ್ಲಿಷ್. ಅದರಲ್ಲೇ ಗೊತ್ತಾದದ್ದು ಇಷ್ಟು: ಚಿಕ್ಕಂದಿನಿಂದ ಶಾಲೆಯ ಹಾಸ್ಟೆಲಿನಲ್ಲಿದ್ದು ಚೆಂಡು ಒದ್ದವನು, ಮೊಣಕಾಲಿಗೆ ಆಪರೇಷನ್ ಆಗಿದೆ, ಸ್ವಲ್ಪ ಕಾಲ ಜಪಾನಿನಲ್ಲಿ ಆಡಿದ್ದಾನೆ. ತನ್ನ ದೇಶದ ತಂಡದಲ್ಲಿ ಒಂದೇ ಒಂದು ಸಲ ಮೈದಾನಕ್ಕೆ ಇಳಿದಿದ್ದ. ಚೆಂಡು ಕಾಲಿಗೆ ತಾಗುವ ಮೊದಲೇ ಪಂದ್ಯ ಮುಗಿದ ಸೀಟಿ ಊದಿದರಂತೆ. ವಯಸ್ಸು ಮೂವತ್ತು ದಾಟಿತ್ತು.

ಈ ಜನವರಿಯಲ್ಲಿ ಬಂದು ಎರಡು ಜರ್ಸಿಗೆ ಹೇಳಿಹೋದ, ಅಪ್ಪನಿಗೊಂದು, ಅಮ್ಮನಿಗೊಂದು. ಬೆನ್ನಿಗೆ ತನ್ನ ಹೆಸರು, ಒಂಬತ್ತನೇ ನಂಬರು. ಶುಕ್ರವಾರ ಅಬುಧಾಬಿಯ ತಂಡದೊಡನೆ ಪಂದ್ಯವಿತ್ತು. ಆ ತಂಡದಲ್ಲೂ ಒಬ್ಬ ಕೊರಿಯಾದವನಿದ್ದ. ಇಬ್ಬರನ್ನೂ ಒಟ್ಟಿಗೆ ನೋಡಲು ಕೊರಿಯಾ ತಂಡದ ಕೋಚ್ ಬರುತ್ತಾರೆ, ಅವರ ಕಣ್ಣಿಗೆ ಬಿದ್ದರೆ ಇನ್ನೊಂದು ಸಲ ದೇಶಕ್ಕೆ ಆಡಬಹುದು ಎಂದ. ಇದು ಕೊನೆಯ ಅವಕಾಶವಂತೆ. ತಂದೆತಾಯಿಯನ್ನು ಅದಕ್ಕೇ ಕರೆಸಿಕೊಳ್ಳುತ್ತಿದ್ದ.

ಆ ದಿನಗಳಲ್ಲಿ ನನ್ನ ಗಂಡನ ಅಣ್ಣ ವಿಸಿಟ್ ವೀಸಾದಲ್ಲಿ ಕೆಲಸ ಹುಡುಕಲು ಬಂದಿದ್ದರು. ಮಂಗಳೂರು ಬಿಟ್ಟು ಹುಬ್ಬಳ್ಳಿಯಲ್ಲಿ ಟೈರ್ ಅಂಗಡಿ ನಡೆಸಿ ಮುಳುಗಿಸಿದವರು. ಮಧ್ಯಾಹ್ನ ನಾನು ಊಟಕ್ಕೆ ಹೋದಾಗ ಕೌಂಟರಿನಲ್ಲಿ ಕೂರುತ್ತಿದ್ದರು. ಫುಟ್ಬಾಲಿನ ವಿಷಯದಲ್ಲಿ ಭಾವನಿಗೆ ತಿಳಿಯದ್ದು ಯಾವುದೂ ಇರಲಿಲ್ಲ, ಕಾಲಿಂದ ಚೆಂಡು ಮುಟ್ಟುವುದೊಂದನ್ನು ಬಿಟ್ಟು. "ಆ ಚೀನಾದವನ ಕೈಲಿ ಎಂತ ಆಗ್ತದೆ? ಬರೀ ಓಡುವುದು. ಓಡ್ಲಿಕ್ಕೆ ಕುದುರೆ ಸಾಕಲ್ವಾ?" ಎಂದು ದಿನಾ ಊಟಕ್ಕೆ ಕೂತಾಗ ಹೇಳುತ್ತಿದ್ದರು. ಗಂಡನ ಅಣ್ಣ, ಎದುರಾಡುವಂತಿಲ್ಲ. ಸಾರಿಗೆ ಉಪ್ಪು ಸ್ವಲ್ಪ ಹೆಚ್ಚು ಹಾಕಿ ಸುಮ್ಮನಾಗುತ್ತಿದ್ದೆ.

ಬುಧವಾರ ಊಟ ಮುಗಿಸಿ ಬಂದಾಗ ಕೊರಿಯಾದವನು ಜರ್ಸಿ ತೆಗೆದುಕೊಂಡು ಹೋಗಲು ಬಂದಿದ್ದ. ಭಾವ ಎದ್ದು ನಿಂತು ಅವನ ಕೈ ಕುಲುಕುತ್ತಿದ್ದರು.

"ಕಂಗ್ರಾಚುಲೇಶನ್ಸ್ ಸರ್. ಕ್ಲಬ್ ಹ್ಯಾಸ್ ಫರ್ಗಿವನ್ ಯೂ."

ಅವನು ನಗುತ್ತಲೇ ಕೇಳಿದ, "ಕ್ಷಮಿಸಿದರಾ? ನಾನೇನು ತಪ್ಪು ಮಾಡಿದ್ದೆ?"

"ನೋ ಗೋಲ್, ಸರ್," ಎಂದರು ಭಾವ, ದೊಡ್ಡ ಮನಸ್ಸು ಮಾಡಿದವರ ಹಾಗೆ.

ನಾನು ಕನ್ನಡದಲ್ಲಿ ಕೇಳಿದೆ, "ಯಾರು ಹೇಳಿದ್ದು ಭಾವ ನಿಮಗೆ?"

"ಕ್ಲಬ್ಬಿನವ ಈಗಷ್ಟೇ ಬಂದು ಹೋದ ಮಾರಾಯ್ತಿ. ಒಂಬತ್ತಕ್ಕೆ ಇನ್ನು ಬ್ರೆಜಿಲ್‌ನವನ ಹೆಸರು ಒತ್ಲಿಕ್ಕೆ ಹೇಳಿದ. ಹಾಗಾದ್ರೆ ಇವನ ಕಥೆ ಎಂತ ಅಂತ ಕೇಳಿದೆ. ಕೊರಿಯನ್ ಮಾಫಿ ಅಂದ. ಸಾಲ ಮಾಫಿ ಮಾಡುದಿಲ್ವಾ, ಹಾಗೆ."

ಹುಬ್ಬಳ್ಳಿಯ ಮಾಫಿ ಬೇರೆ, ಇಲ್ಲಿಯ ಮಾಫಿ ಬೇರೆ. ಇಲ್ಲಿಯ ಅರಬ್ಬಿಯಲ್ಲಿ ಮಾಫಿ ಎಂದರೆ 'ಇಲ್ಲ'. ಚಿಲ್ಲರೆ ಮಾಫಿ, ಲಿಫ್ಟ್ ಮಾಫಿ, ಪಾರ್ಕಿಂಗ್ ಮಾಫಿ. ಬಂದ ವಾರದಲ್ಲೇ ಎಲ್ಲರೂ ಕಲಿಯುವ ಮಾತು. ಭಾವ ಮಾತ್ರ ಕಲಿತಿರಲಿಲ್ಲ, ಯಾಕೆಂದರೆ ಅವರಿಗೆ ಎಲ್ಲವೂ ಮೊದಲೇ ಗೊತ್ತಿತ್ತು. ಆ ಕ್ಲಬ್ಬಿನವನಿಗಾದರೂ ನಾಚಿಕೆ ಬೇಡವೇ? ಇಷ್ಟೇ ಮಂದಿ ಎಂಬ ಲೆಕ್ಕವಿರುವ ಹೊರದೇಶದ ಆಟಗಾರರ ಪಟ್ಟಿಯಿಂದ ಒಬ್ಬನನ್ನು ತೆಗೆದುಹಾಕಿ, ಅದನ್ನು ಅವನಿಗೆ ಹೇಳುವ ಮೊದಲು ಜರ್ಸಿ ಅಂಗಡಿಗೆ ಬಂದು ಹೇಳಿ ಹೋಗಿದ್ದ. ಪಟ್ಟಿಯಲ್ಲಿಲ್ಲದವನು ಕರಾರು ಮುಗಿಯುವ ತನಕ ಸಂಬಳ ತೆಗೆದುಕೊಳ್ಳಬಹುದು, ಮೈದಾನಕ್ಕೆ ಮಾತ್ರ ಇಳಿಯುವಂತಿಲ್ಲ.

ಹೇಗೆ ಹೇಳಲಿ ಎಂದು ನಾನು ಯೋಚಿಸುವಷ್ಟರಲ್ಲಿ ಅವನ ನಗು ನಿಂತಿತ್ತು. ನಮ್ಮ ಕನ್ನಡದಲ್ಲಿ ಅವನಿಗೆ ಅರ್ಥವಾಗುವ ಎರಡೇ ಮಾತಿದ್ದವು, ಎರಡೂ ಕಿವಿಗೆ ಬಿದ್ದಿದ್ದವು. "ಕೊರಿಯನ್ ಮಾಫಿ?" ಎಂದು ನನ್ನ ಮುಖ ನೋಡಿದ. ನಾನು ಹೌದೆಂದು ತಲೆಯಾಡಿಸಿ, ಒಂಬತ್ತು ಈಗ ಬ್ರೆಜಿಲ್‌ನವನಿಗೆ ಎಂದೆ. ಅಲ್ಲೇ ನಿಂತು ಕ್ಲಬ್ಬಿಗೆ ಫೋನ್ ಮಾಡಿದ, ಯಾರೂ ಎತ್ತಲಿಲ್ಲ. ಮತ್ತೆ ಮಾಡಿದ. ನನಗೆ ಅಳು ಬರುವ ಹಾಗಾಯಿತು, ಅದರ ಜೊತೆಗೆ ಯಾರ ಕೆನ್ನೆಗಾದರೂ ಬಾರಿಸಬೇಕು ಅನಿಸಿತು.

ಭಾವನಿಗೆ ಎಲ್ಲೋ ಎಡವಟ್ಟಾಗಿದೆ ಎಂದು ತಿಳಿಯಿತು. ಸರಿಪಡಿಸಲು ಹೊರಟರು. "ಡೋಂಟ್ ವರಿ ಸರ್. ಸಿಟ್ಟಿಂಗ್ ಸ್ಯಾಲರಿ. ವೆರಿ ಲಕ್ಕಿ."

"ಕೋಚ್ ನನ್ನ ಸಂಬಳ ನೋಡಲು ಬರುವುದಿಲ್ಲ," ಎಂದ ಅವನು.

ಆಮೇಲೆ ಎರಡೂ ಜರ್ಸಿಗಳನ್ನು ನನ್ನ ಕಡೆ ಸರಿಸಿದ. "ನಂಬರ್ ತೆಗೆಯಿರಿ. ಅದು ಈಗ ಬೇರೆಯವನದು. ಹೆಸರು ಇರಲಿ."

ಗಿರಾಕಿಗಳು ಹೇಳಿದಾಗ ಬೈದುಕೊಂಡೇ ಕೀಳುವವಳು ನಾನು. ಅಂದು ಬೈಗುಳವೂ ಬರಲಿಲ್ಲ. ಎಷ್ಟು ನಿಧಾನವಾಗಿ ಎಳೆದರೂ ಕಲೆ ಉಳಿಯಿತು. ಅವನು ಜರ್ಸಿ ಮಡಚಿಕೊಂಡು, ಈ ಸಲವೂ ತಲೆ ಬಗ್ಗಿಸಿ ಹೋದ. ಅವನ ಬೆನ್ನಿಗೇ ಭಾವ ಸಣ್ಣ ದನಿಯಲ್ಲಿ, "ಮಾಫಿ ಮಾಡು ಮಾರಾಯ್ತಿ, ನಂಗೆ ಗೊತ್ತಿರ್ಲಿಲ್ಲ" ಎಂದರು.

"ಮಾಫಿ," ಎಂದೆ. ಮದುವೆಯಾಗಿ ಬಂದ ಮೇಲೆ ಭಾವನಿಗೆ ನಾನು ಕೊಟ್ಟ ಮೊದಲ ಎದುರುತ್ತರ ಅದು.

ಶುಕ್ರವಾರ ಅಂಗಡಿಯ ಟೀವಿಯಲ್ಲಿ ಪಂದ್ಯ ಹಾಕಿದ್ದರು. ಕೊರಿಯಾದ ಕೋಚ್ ಗಾಜಿನ ಕೋಣೆಯಲ್ಲಿ ಕೂತಿರುವುದನ್ನು ಒಮ್ಮೆ ತೋರಿಸಿದರು. ಬ್ರೆಜಿಲ್‌ನವನು ಒಂಬತ್ತನೇ ನಂಬರಿನಲ್ಲಿ ನಡೆದಾಡುತ್ತಿದ್ದ. ಅವನ ಆಟಕ್ಕೆ ನಡಿಗೆ ಎಂದೇ ಹೇಳಬೇಕು. ಸ್ವಲ್ಪ ಹೊತ್ತಿನಲ್ಲಿ ಕ್ಯಾಮೆರಾ ಆ ಕೋಣೆಯ ಎದುರುಬದಿಯ ಮೆಟ್ಟಿಲುಗಳ ಕಡೆ ತಿರುಗಿತು. ಅಲ್ಲಿ ಇಬ್ಬರು ವಯಸ್ಸಾದವರು, ಗಂಡ ಹೆಂಡತಿ, ಮೈದಾನಕ್ಕೆ ಬೆನ್ನು ಹಾಕಿ ನಿಂತಿದ್ದರು. ಮಗ, ನಮ್ಮ ಕೊರಿಯಾದವನು, ಪಕ್ಕದಲ್ಲಿ ತಲೆ ತಗ್ಗಿಸಿ ಕೂತಿದ್ದ. ಕೂತುಕೊಳ್ಳಿ ಎಂದು ಅಪ್ಪನ ತೋಳು ಎಳೆದ, ಆತ ಕೂರಲಿಲ್ಲ. ಕಾಮೆಂಟರಿಯವನು ನಕ್ಕ. ಅಂಗಡಿಯಲ್ಲಿದ್ದ ಗಂಡಸರೂ ನಕ್ಕರು. "ಆಟ ಯಾವ ಬದಿಗೆ ಆಗ್ತಾ ಉಂಟು ಅಂತ್ಲೂ ಗೊತ್ತಿಲ್ಲ ಮುದುಕನಿಗೆ," ಎಂದ ಒಬ್ಬ.

ಅವರಿಗೆ ಚೆನ್ನಾಗಿಯೇ ಗೊತ್ತಿತ್ತು. ಬೆನ್ನ ಮೇಲಿನ ಮಗನ ಹೆಸರನ್ನು ಅವರು ಆ ಗಾಜಿನ ಕೋಣೆಗೆ ತೋರಿಸುತ್ತಿದ್ದರು. ಆದರೆ ಆ ಅಕ್ಷರಗಳನ್ನು ಒತ್ತಿದವಳು ನಾನು, ಅವುಗಳ ಅಳತೆ ನನಗೆ ಗೊತ್ತು. ಮೈದಾನದ ಆಚೆ ಬದಿಯಿಂದ ಅವನ್ನು ಯಾರಿಗೂ ಓದಲಿಕ್ಕೆ ಆಗುವುದಿಲ್ಲ.