ಅಜ್ಜಿಯ ಇಸ್ಕೂಲು, ಅವನ ಪಾಠ

ಜಯನಗರದ ಸ್ಪ್ಯಾನಿಷ್ ಕ್ಲಾಸಿನಲ್ಲಿ ನಾನು ಪಾಠಕ್ಕಿಂತ ಮಿಮಿಕ್ರಿಗೆ ಹೆಸರುವಾಸಿ. ಮೂಗಿನ ತುದಿಗೆ ಕನ್ನಡಕ ಇಳಿಸುವ ಮೇಡಂ, ಕೆಮ್ಮುವ ವಾಚ್‌ಮನ್ ಅಣ್ಣ, ಉತ್ತರ ಗೊತ್ತಿಲ್ಲದೆ ತಲೆ ಕೆರೆಯುವ ನಾನು, ಎಲ್ಲರದ್ದೂ ಆಗುತ್ತಿತ್ತು. ಬಿಟ್ಟಿದ್ದು ಪಕ್ಕದ ಸೀಟಿನ ಗೆಳೆಯನೊಬ್ಬನನ್ನೇ. ಹುಬ್ಬಳ್ಳಿ ಕಡೆಯವನು, ಬಿಟಿಎಂನಲ್ಲಿ ರೂಮು ಮಾಡಿಕೊಂಡಿದ್ದ. ಎಲ್ಲರಿಗಿಂತ ಮೊದಲು ನಗುತ್ತಿದ್ದವನೂ ಅವನೇ.

ಕೋರ್ಸ್ ಮುಗಿಯುವ ಹೊತ್ತಿಗೆ ಮೇಡಂ ಒಂದು ಸುದ್ದಿ ಕೊಟ್ಟರು. ಹೊಸಬರ ಭಾನುವಾರದ ಬ್ಯಾಚಿಗೆ ನಮ್ಮಲ್ಲೊಬ್ಬರು ಪಾಠ ಮಾಡಬಹುದು, ಅದಕ್ಕೊಂದು ಡೆಮೊ ಕೊಡಬೇಕು. ವಿಷಯ, ಸ್ಪ್ಯಾನಿಷಿನವರು ದಿನಬಳಕೆಯಲ್ಲಿ ಆಡುವ ಇಂಗ್ಲಿಷ್ ಪದಗಳು. ನನಗೆ ಆ ಬ್ಯಾಚು ಬೇಕಿತ್ತು. ಒಂದು ಸಲವಾದರೂ ಜನ ನನ್ನ ಮಾತನ್ನು ನನ್ನದೆಂದೇ ಕೇಳಲಿ ಅನ್ನುವ ಆಸೆ.

ದಾರಿ ತೋರಿಸಿದ್ದು ಹನುಮಂತನಗರದ ನಮ್ಮ ಮನೆಯ ಅಜ್ಜಿ. ಅವಳಿಗೆ ಸ್ಕೂಲು ಇಸ್ಕೂಲು, ಸ್ಟೇಷನ್ನು ಇಸ್ಟೇಷನ್ನು. ಸ್ಪ್ಯಾನಿಷಿನವರೂ ಹಾಗೇ, ಮುಂದೊಂದು 'ಎ' ಇಡದೆ ಹೊರಡುವುದಿಲ್ಲ: ಸ್ಟ್ರೆಸ್ ಎಸ್ತ್ರೆಸ್, ಸ್ಕ್ಯಾನರ್ ಎಸ್ಕಾನೆರ್. ಕೆಲವು ಪದಗಳು ಅರ್ಥವನ್ನೂ ಬದಲಿಸಿಕೊಂಡಿವೆ. ಸ್ಮೋಕಿಂಗ್ ಅಂದರೆ ಅವರಿಗೆ ಪಾರ್ಟಿಯ ಕರಿ ಕೋಟು, ಫೂಟಿಂಗ್ ಅಂದರೆ ಬೆಳಗಿನ ಓಟ. ಇದನ್ನೆಲ್ಲ ಅಜ್ಜಿ ಸೆರಗು ಸರಿಮಾಡಿಕೊಂಡು ಪಾಠ ಹೇಳುವಂತೆ ಕಟ್ಟಿ, ಗೆಳೆಯನ ರೂಮಿನಲ್ಲಿ ಮೂರು ಸಲ ಮಾಡಿ ತೋರಿಸಿದೆ. ಅವನು ಚುರುಮುರಿ ಮೆಲ್ಲುತ್ತ, ಎಲ್ಲಿ ನಿಲ್ಲಿಸಬೇಕು, ಎಲ್ಲಿ ಎಳೆಯಬೇಕು ಅಂತ ತಿದ್ದಿದ.

ಡೆಮೊ ದಿನ ಅವನ ಸರದಿ ನನಗಿಂತ ಮೊದಲು. ಬೋರ್ಡಿನ ಮುಂದೆ ನಿಂತವನು ಇಲ್ಲದ ಸೆರಗನ್ನು ಸರಿಮಾಡಿಕೊಂಡ.

"ನಮ್ಮಜ್ಜಿ ಇಸ್ಕೂಲು ಅಂತಿದ್ಲು ನೋಡ್ರಿ..."

ಎಸ್ತ್ರೆಸ್, ಎಸ್ಕಾನೆರ್, ಕರಿ ಕೋಟು, ಒಂದನ್ನೂ ಬಿಡಲಿಲ್ಲ. ನನ್ನಜ್ಜಿ ಅವನ ಮೈಮೇಲೆ ಸಖತ್ತಾಗಿಯೇ ಬಂದಿದ್ದಳು. ಕ್ಲಾಸಿಗೆ ಕ್ಲಾಸೇ ನಕ್ಕಿತು.

ನನ್ನ ಬಳಿ ಬೇರೆ ಪಾಠ ಇರಲಿಲ್ಲ. ಅದನ್ನೇ ಶುರು ಮಾಡಿದೆ. ಎರಡು ನಿಮಿಷಕ್ಕೆ ಮೇಡಂ ಕೈ ಎತ್ತಿದರು.

"ಸಾಕಪ್ಪ ಮಿಮಿಕ್ರಿ. ಅವನ ಪಾಠ ಅವನು ಮಾಡಿದ್ದಾಯ್ತಲ್ಲ, ನಿಂದು ಮಾಡು."

ಇದು ನಂದೇ ಅಂದೆ. ಎಲ್ಲರೂ ಇನ್ನೂ ಜೋರಾಗಿ ನಕ್ಕರು. ಅದೂ ನನ್ನದೊಂದು ಐಟಂ ಅಂದುಕೊಂಡರು.

ಬ್ಯಾಚು ಅವನಿಗೇ ಸಿಕ್ಕಿತು. ಮೆಟ್ಟಿಲ ಹತ್ತಿರ ತಡೆದು, ಯಾಕೋ ಮಗಾ ಹೀಗೆ ಮಾಡಿದೆ ಅಂತ ಕೇಳಿದೆ. ಅವನು ಬ್ಯಾಗಿನ ಜಿಪ್ಪು ಎಳೆದುಕೊಂಡ.

"ನೀ ಯಾರ್ನ ಕೇಳಿ ಮಾಡ್ತೀಯೋ? ನಿಮ್ಮಜ್ಜಿನ್ನರ ಕೇಳಿದ್ಯೇನು?"

ದಿನಕ್ಕೆ ಹತ್ತು ಜನರ ಬಾಯಿ ಕದಿಯುವವನು ನಾನು, ಪಕ್ಕಕ್ಕೆ ಸರಿದು ಅವನಿಗೆ ದಾರಿ ಬಿಟ್ಟೆ.

ಮನೆ ಬಾಗಿಲಲ್ಲೇ ಅಜ್ಜಿ ಕಾಯುತ್ತಿದ್ದಳು, ಇಸ್ಕೂಲಲ್ಲಿ ಏನಂದ್ರೋ ಅಂದಳು. ಎಂದಿನಂತೆ ಅವಳದೇ ದನಿಯಲ್ಲಿ ಉತ್ತರ ಕೊಡಲು ಬಾಯಿ ತೆರೆದೆ. ಹೊರಬಿದ್ದದ್ದು ಗೆಳೆಯ ಬೋರ್ಡಿನ ಮುಂದೆ ಮಾಡಿದ ಅಜ್ಜಿ, ಅದೇ ಎಳೆತ, ಅದೇ ನಿಲುಗಡೆ. ಚಪ್ಪಲಿ ಬಿಟ್ಟು ಒಳಗೆ ಹೋದೆ.